ನಾಲ್ಕು ಮಳೆಗಾಲ ಕಂಡ ಡಿಸ್ಕ್ ಬ್ರೇಕ್: ಇಳಿಜಾರಿನಲ್ಲಿ ಕೈಕೊಟ್ಟ ಕಥೆಯೂ ಸೇರಿ

ಸೈಕಲ್ಲಿನ ಜೊತೆಯಲ್ಲೇ ಬಂದ ಬ್ರೇಕಿನ ಬಗ್ಗೆ ಬರೆಯುತ್ತಿದ್ದೇನೆ. ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಡಿಸ್ಕನ್ನು ಅಮುಕಿ ಹಿಡಿಯುವ ಪ್ರತಿ ಕ್ಯಾಲಿಪರಿನಲ್ಲಿ ಎರಡು ಪಿಸ್ಟನ್, ಎರಡೂ ಗಾಲಿಗೆ 160 ಮಿ.ಮೀ. ಡಿಸ್ಕ್, ಒಳಗೆ ಮಿನರಲ್ ಆಯಿಲ್. ಹೈಡ್ರಾಲಿಕ್‌ಗಳಲ್ಲಿ ತೀರಾ ಅಗ್ಗದ ದರ್ಜೆಯದು. ಕಂಪನಿಯ ಹೆಸರು ಬರೆಯುತ್ತಿಲ್ಲ. ಮುಂದೆ ಹೇಳುವ ಮೂರು ಅವಾಂತರಗಳಲ್ಲಿ ಎರಡು ನನ್ನ ಕೈಯಿಂದ, ಒಂದು ಅಂಗಡಿಯ ಕೈಯಿಂದ ಆದದ್ದು. ಅದಕ್ಕೆ ಕಂಪನಿಯನ್ನು ಕಟಕಟೆಗೆ ತರುವುದು ನ್ಯಾಯವಲ್ಲ. ಈ ದರ್ಜೆಯ ಯಾವ ಬ್ರೇಕಿಗೂ ಇದೇ ಮಾತು ಸಲ್ಲುತ್ತದೆ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಭಾನುವಾರಗಳಂದು ಗೆಳೆಯರ ಕಾಫಿ ತೋಟಗಳ ಜೀಪು ದಾರಿಗಳಲ್ಲಿ ಓಡಿಸುತ್ತೇನೆ. ಊರಿನ ಪಕ್ಕದಲ್ಲೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಿಂತಿರುವಾಗ ಯಾವ ದಿಕ್ಕಿಗೆ ಹೊರಟರೂ ಇಳಿಜಾರು ತಪ್ಪುವುದಿಲ್ಲ. ಬೇಸಿಗೆಯಲ್ಲಿ ಧೂಳು ಮತ್ತು ಉರುಳುವ ಜಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ ಕೆಂಪು ಕೆಸರು, ಅದರ ಮೇಲೆ ಸಿಲ್ವರ್ ಓಕ್ ಎಲೆ, ಕಾಲಿಗೆ ಇಂಬಳ. ಬೆಂಗಳೂರಿನ ಅಂಗಡಿಯಲ್ಲಿ ಸೈಕಲ್ ಕೊಳ್ಳುವಾಗ ಮಾರಾಟಗಾರ ಗೇರುಗಳ ಬಗ್ಗೆ ಅರ್ಧ ಗಂಟೆ ವಿವರಿಸಿದ್ದ. ಬ್ರೇಕಿನ ಬಗ್ಗೆ ಹೇಳಿದ್ದು ಒಂದೇ ಮಾತು: "ಡಿಸ್ಕ್ ಇದೆ ಸಾರ್."

ಮೊದಲು ಹೊಗಳಿಕೆ. ಹಳೆಯ ಸೈಕಲ್ಲಿನ ಕೇಬಲ್ ಬ್ರೇಕಿಗೆ ನಾಲ್ಕು ಬೆರಳು ಬೇಕಿತ್ತು, ಇಳಿದು ಮುಗಿಯುವಷ್ಟರಲ್ಲಿ ಮುಂಗೈ ಮರಗಟ್ಟುತ್ತಿತ್ತು. ಇದಕ್ಕೆ ತೋರುಬೆರಳು ಒಂದೇ ಸಾಕು. ಕೆಸರಿನಲ್ಲಿ ರಿಮ್ ಮುಚ್ಚಿಹೋದರೂ ಡಿಸ್ಕ್ ಹಿಡಿಯುತ್ತದೆ. ಡಿಸ್ಕಿಗೆ ಎರಡೂ ಬದಿಯಿಂದ ಒತ್ತುವ ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುವುದರಿಂದ ಕೇಬಲ್ ಬಿಗಿಮಾಡುವ ರಗಳೆಯೂ ಇಲ್ಲ. ಮೊದಲ ವರ್ಷ ನಾನು ಅದರತ್ತ ತಿರುಗಿಯೂ ನೋಡಲಿಲ್ಲ. ಒಳ್ಳೆಯ ಬ್ರೇಕಿನ ಕೆಟ್ಟ ಗುಣ ಅದೇ, ನಮ್ಮನ್ನು ಸೋಮಾರಿ ಮಾಡುತ್ತದೆ.

ಮೊದಲ ಪಾಠ ಒಂದು ಬೇಸಿಗೆಯಲ್ಲಿ ಸಿಕ್ಕಿತು. ಸುಮಾರು ಮುನ್ನೂರು ಮೀಟರ್ ಎತ್ತರದಿಂದ ಒಂದೇ ಸಮನೆ ಇಳಿಯುವ ದಾರಿ. ಹೆದರಿಕೆಯಿಂದ ಎರಡೂ ಲಿವರನ್ನು ಹಗುರವಾಗಿ ಒತ್ತಿ ಹಿಡಿದೇ ಇಳಿದೆ. ಮುಕ್ಕಾಲು ದಾರಿಯಲ್ಲಿ ಸುಟ್ಟ ವಾಸನೆ ಬಂತು. ಲಿವರ್ ಗಟ್ಟಿಯಾಗಿಯೇ ಇತ್ತು, ಆದರೆ ಸೈಕಲ್ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ: ಸೈಕಲ್ ಸೇರಿ ನನ್ನ ತೂಕ 92 ಕೆ.ಜಿ.; ಮುನ್ನೂರು ಮೀಟರ್ ಇಳಿದರೆ ಸುಮಾರು 270 ಕಿಲೋಜೌಲ್ ಶಕ್ತಿ. ಮುಕ್ಕಾಲು ಲೀಟರಿಗೂ ತುಸು ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು, ಮನೆಮಂದಿಗೆಲ್ಲ ಕಾಫಿ ಆಗುತ್ತದೆ. ಗಾಳಿ ಮತ್ತು ಟೈರಿನ ಪಾಲು ಕಳೆದು ಉಳಿದ ಶಾಖವನ್ನೆಲ್ಲ ಎರಡು ತೆಳು ಉಕ್ಕಿನ ತಟ್ಟೆಗಳು ನುಂಗಬೇಕು. ಅಗ್ಗದ ಬ್ರೇಕಿನೊಂದಿಗೆ ಬರುವ ರೆಸಿನ್ ಪ್ಯಾಡ್ ಆ ಬಿಸಿಯನ್ನು ತಡೆಯುವುದಿಲ್ಲ. ಮೇಲ್ಮೈ ಗಾಜಿನಂತೆ ನಯವಾಗಿ ಹಿಡಿತ ಬಿಟ್ಟುಬಿಡುತ್ತದೆ. ಬಿಚ್ಚಿ ನೋಡಿದರೆ ಪ್ಯಾಡ್ ಹೊಸ ಕರಿಹಲಗೆಯಂತೆ ಹೊಳೆಯುತ್ತಿತ್ತು.

ಇದರ ಮದ್ದು ದುಬಾರಿಯಲ್ಲ. ಸದಾ ಉಜ್ಜುತ್ತ ಇಳಿಯಬಾರದು. ತಿರುವಿಗೆ ಮೊದಲು ಬಲವಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟು, ಡಿಸ್ಕಿಗೆ ಗಾಳಿ ತಗಲಲು ಬಿಡಬೇಕು. ಹೊಸ ಪ್ಯಾಡ್ ಹಾಕಿದ ದಿನ ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದು, ನಿಲ್ಲುವ ಹಂತದವರೆಗೆ ಬ್ರೇಕ್ ಒತ್ತಿ, ಇಪ್ಪತ್ತು ಸಲ ಪಳಗಿಸಬೇಕು. ನಾನು ಇದನ್ನು ಬಡಾವಣೆಯ ರಸ್ತೆಯಲ್ಲಿ ಮಾಡುವಾಗ ಎದುರುಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನಪ್ಪಾ, ಏನಾದರೂ ಕಳೆದುಕೊಂಡೆಯಾ?" ಎಂದು ಕೇಳಿದ್ದರು.

ಎರಡನೆಯ ಅವಾಂತರವನ್ನು ಹೇಳಲು ನಾಚಿಕೆ. ಚೈನಿನ ತುಕ್ಕಿಗೆಂದು ಸ್ಪ್ರೇ ಹೊಡೆದೆ, ಅದರ ತುಂತುರು ಹಿಂದಿನ ಡಿಸ್ಕಿನ ಮೇಲೂ ಬಿತ್ತು. ಮರುದಿನ ತೋಟದಲ್ಲಿ ಬ್ರೇಕ್ ಒತ್ತಿದರೆ ಕಹಳೆ ಊದಿದ ಹಾಗೆ ಶಬ್ದ. ಲೈನ್ ಮನೆಗಳ ನಾಯಿಗಳೆಲ್ಲ ಎದ್ದು ನನ್ನ ಹಿಂದೆ. ಶಬ್ದ ಎಷ್ಟಿತ್ತೋ ಹಿಡಿತ ಅಷ್ಟೇ ಕಡಿಮೆ. ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅದನ್ನೂ ಮಾಡಿದೆ. ಹೋದದ್ದು ಅಡುಗೆಮನೆಯ ನೆಮ್ಮದಿ ಮಾತ್ರ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪ್ಯಾಡಿಗೆ ನಾಲ್ಕುನೂರು ರೂಪಾಯಿ ಕೊಟ್ಟೆ.

ಇನ್ನು ಮೂರನೆಯದು. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕಾಗಿ.

ಮೂರನೆಯ ವರ್ಷದ ಮಳೆಗಾಲಕ್ಕೆ ಮುಂಚೆ ಹಿಂದಿನ ಲಿವರ್ ಮೆತ್ತಗಾಯಿತು. ಒತ್ತಿದರೆ ಸ್ಪಂಜಿನ ಹಾಗೆ; ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತಿತ್ತು. ಇದು ಪೈಪಿನೊಳಗೆ ಗಾಳಿ ಸೇರಿದ ಲಕ್ಷಣ. ಎಣ್ಣೆಯನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು; ಬೆರಳಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಅದಕ್ಕೂ ಹಿಂದಿನ ವಾರ ಪಂಕ್ಚರ್ ಹಾಕಲು ಸೈಕಲನ್ನು ತಲೆಕೆಳಗು ನಿಲ್ಲಿಸಿದ್ದೆ. ಲಿವರಿನ ಎಣ್ಣೆ ಡಬ್ಬಿಯಲ್ಲಿ ಉಳಿದ ಗಾಳಿ ಹಾಗೆ ಪೈಪಿಗೆ ಇಳಿಯುವುದುಂಟು.

ಬ್ಲೀಡ್ ಮಾಡಿಸಬೇಕಿತ್ತು, ಅಂದರೆ ಎಣ್ಣೆ ತುಂಬುತ್ತ ಗಾಳಿಯನ್ನು ಹೊರದಬ್ಬಿಸುವುದು. ನಮ್ಮ ಕಡೆ ಸೈಕಲ್ ಅಂಗಡಿಗಳಲ್ಲಿ ಬಹುಪಾಲು ಕೆಲಸ ಪಂಕ್ಚರ್ ಮತ್ತು ಮಕ್ಕಳ ಸೈಕಲ್ಲಿನದು. ಒಂದು ಅಂಗಡಿಯವನು "ಮಾಡಿಕೊಡುತ್ತೇನೆ ಸಾರ್, ಸಂಜೆ ಬನ್ನಿ" ಎಂದ. ಸಂಜೆ ಹೋದರೆ ಲಿವರ್ ಕಲ್ಲಿನ ಹಾಗೆ ಗಟ್ಟಿ. ಇನ್ನೂರು ರೂಪಾಯಿ ಕೊಟ್ಟು ಸಂತೋಷವಾಗಿ ಬಂದೆ. ಹ್ಯಾಂಡಲ್ ಒರೆಸಿದ ಬಟ್ಟೆಯಲ್ಲಿ ತಿಳಿ ಹಳದಿ ಕಲೆ ಕಂಡಿತ್ತು. ಈ ಬ್ರೇಕಿನ ಎಣ್ಣೆ ಕೆಂಪು ಬಣ್ಣದ್ದು ಎಂಬುದು ಗೊತ್ತಿದ್ದೂ ನನ್ನ ತಲೆಯಲ್ಲಿ ಗಂಟೆ ಬಾರಿಸಲಿಲ್ಲ.

ಎರಡು ವಾರಗಳಲ್ಲಿ ಹಿಂದಿನ ಗಾಲಿ ತಿರುಗುವಾಗ ಪ್ಯಾಡ್ ಸದಾ ಉಜ್ಜತೊಡಗಿತು. ಒತ್ತಿದ ಲಿವರ್ ಆಕಳಿಸಿಕೊಂಡು ನಿಧಾನ ವಾಪಸು ಬರುತ್ತಿತ್ತು. ಕೆಸರು ಸೇರಿರಬೇಕು ಎಂದುಕೊಂಡೆ. ಮೂರನೆಯ ಭಾನುವಾರ ಬೆಳಿಗ್ಗೆ ಹೊರಡುವಾಗ ಹ್ಯಾಂಡಲಿನ ಕೆಳಗಿನ ಚೌಕಟ್ಟಿನ ಕೊಳವೆಯಲ್ಲಿ ಬಟಾಣಿ ಗಾತ್ರದ ಎರಡು ಜಾಗದಲ್ಲಿ ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿರುವುದು ಕಾಣಿಸಿತು. ಅದನ್ನು ಉಗುರಿನಿಂದ ಕೆರೆದು ನೋಡಿ, ನೋಡಿದ್ದಷ್ಟೇ, ಸೈಕಲ್ ಏರಿ ಹೊರಟೆ.

ಇಳಿಜಾರಿನ ನಡುವೆ, ಬಲಕ್ಕೆ ತೋಟ, ಎಡಕ್ಕೆ ಮಣ್ಣಿನ ಗೋಡೆಯಂತೆ ಎದ್ದ ದರೆ. ಮುಂದಿನ ತಿರುವಿಗೆ ಹಿಂದಿನ ಬ್ರೇಕ್ ಒತ್ತಿದರೆ ಲಿವರ್ ನೇರ ಹಿಡಿಕೆಗೆ ಬಂದು ತಾಗಿತು. ಇನ್ನೊಮ್ಮೆ ಒತ್ತಿದೆ, ಒಳಗೆ ಏನೂ ಇಲ್ಲದ ಹಾಗೆ. ಮುಂದಿನ ಬ್ರೇಕನ್ನು ಗಾಬರಿಯಲ್ಲಿ ಜಗ್ಗಿದ್ದರೆ ಒದ್ದೆ ಎಲೆಗಳ ಮೇಲೆ ಮುಂದಿನ ಗಾಲಿ ಜಾರುವುದು ಖಂಡಿತ. ಮೈಯನ್ನು ಸೀಟಿನ ಹಿಂದಕ್ಕೆ ಸರಿಸಿ, ಮುಂದಿನದನ್ನು ತುಸು ತುಸುವೇ ಒತ್ತುತ್ತ, ನೇರ ಸಿಕ್ಕಷ್ಟು ಜಾಗದಲ್ಲಿ ವೇಗ ಇಳಿಸಿದೆ. ತಿರುವಿಗೆ ಅದು ಸಾಲದು ಎನಿಸಿದಾಗ ಸೈಕಲನ್ನು ಎಡಕ್ಕೆ ತಿರುಗಿಸಿ ದರೆಗೆ ಹತ್ತಿಸಿದೆ. ಹಸಿ ಮಣ್ಣು ತಡೆಯಿತು. ಮೊಣಕೈ ತರಚಿತು, ಬಾಯಿಗೆ ಒಂದಿಷ್ಟು ಜರೀಗಿಡ. ಬಲಕ್ಕೆ ಬಿದ್ದಿದ್ದರೆ ಕಾಫಿ ಗಿಡಗಳ ಮೇಲೆ, ಅದರಾಚೆ ಹತ್ತಡಿ ಕೆಳಗೆ.

ಕ್ಯಾಲಿಪರಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸೋರುವ ಬ್ರೇಕಿಗೆ ದಾರಿಯಲ್ಲಿ ಮದ್ದಿಲ್ಲ. ಬರೀ ಗಾಳಿ ಸೇರಿದ್ದರೆ ನಾಲ್ಕಾರು ಬಾರಿ ಬೇಗ ಬೇಗ ಒತ್ತಿ ತಾತ್ಕಾಲಿಕ ಹಿಡಿತ ಪಡೆಯಬಹುದು, ಬಿಸಿಯಾಗಿದ್ದರೆ ಹತ್ತು ಹದಿನೈದು ನಿಮಿಷ ಕೂರಬಹುದು. ಕಾದ ಡಿಸ್ಕಿನ ಮೇಲೆ ನೀರು ಹಾಕಿದರೆ ತಟ್ಟೆ ಸೊಟ್ಟಗಾದೀತು. ಚಪ್ಪಲಿ ಕಾಲನ್ನು ಟೈರಿಗೆ ಒತ್ತುವ ವಿದ್ಯೆ ಶಾಲೆಗೆ ಹೋಗುವ ವಯಸ್ಸಿಗೆ, ಸಮತಟ್ಟಿನ ಊರಿಗೆ ಸರಿ. ನಾನು ಇಳಿದು ನಡೆದೆ. ಮೂರು ಕಿಲೋಮೀಟರ್. ಕೆಳಗಿನ ಶೆಡ್ಡಿನ ಬಳಿ ಕೊಪ್ಪೆ ಹೊದ್ದು ನಿಂತಿದ್ದ ತೋಟದ ರೈಟರು ನನ್ನನ್ನೂ ಸೈಕಲನ್ನೂ ನೋಡಿ, "ಅಷ್ಟು ದುಡ್ಡು ಕೊಟ್ಟದ್ದನ್ನು ತಳ್ಳಿಕೊಂಡು ಬರುವುದೇ ಸಾರ್?" ಎಂದರು. ಆದರೂ ಜೀಪಿನಲ್ಲಿ ಜಾಗ ಕೊಟ್ಟರು.

ಅಂಗಡಿಗೆ ಹೋಗಿ ಯಾವ ಎಣ್ಣೆ ಹಾಕಿದ್ದು ಎಂದು ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ ಬಾಟಲಿ ತೆಗೆದು ತೋರಿಸಿದ: ಕಾರಿಗೆ ಹಾಕುವ ಡಾಟ್ 4 ಎಂಬ ಬ್ರೇಕ್ ದ್ರವ. "ಬ್ರೇಕ್ ಆಯಿಲ್ ಎಲ್ಲ ಒಂದೇ ಅಲ್ಲವೇ ಸಾರ್?"

ಒಂದೇ ಅಲ್ಲ. ಡಾಟ್ 4, ಡಾಟ್ 5.1 ದ್ರವಗಳು ಗ್ಲೈಕಾಲ್ ಮೂಲದವು. ಶಿಮಾನೊ, ಮಗುರಾ, ಟೆಕ್ಟ್ರೊ ಬ್ರೇಕುಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಹೋಪ್, ಹೇಯ್ಸ್ ಬ್ರೇಕುಗಳಿಗೆ ಡಾಟ್. ಸ್ರ್ಯಾಮ್ ಬಹುಕಾಲ ಡಾಟ್ ಬಳಸಿ, ಈಚೆಗೆ ಕೆಲವು ಮಾದರಿಗಳಿಗೆ ಮಿನರಲ್ ಆಯಿಲ್ ತಂದಿದೆ. ಎರಡರ ರಬ್ಬರ್ ಸೀಲುಗಳೇ ಬೇರೆ. ಒಂದರ ಎಣ್ಣೆ ಇನ್ನೊಂದರೊಳಗೆ ಹೋದರೆ ಸೀಲು ಉಬ್ಬುತ್ತದೆ. ಉಬ್ಬಿದ ಸೀಲು ಪಿಸ್ಟನನ್ನು ಹಿಂದೆ ಬಿಡುವುದಿಲ್ಲ, ಅದಕ್ಕೇ ಪ್ಯಾಡ್ ಉಜ್ಜಿದ್ದು, ಲಿವರ್ ಆಕಳಿಸಿದ್ದು. ಆಮೇಲೆ ಸೀಲು ಕೆಟ್ಟು ಸೋರುತ್ತದೆ. ಡಾಟ್ ದ್ರವ ಬಣ್ಣವನ್ನೂ ತಿನ್ನುತ್ತದೆ. ನಾನು ಉಗುರಿನಿಂದ ಕೆರೆದ ಆ ಎರಡು ಗುಳ್ಳೆಗಳು ಅದರದೇ. ಲಿವರಿನ ಮುಚ್ಚಳದ ಮೇಲೆ 'ಮಿನರಲ್ ಆಯಿಲ್ ಮಾತ್ರ' ಎಂದು ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರಗಳಿವೆ. ಅವನೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಜಗಳಕ್ಕೆಂದು ಹೋದವನು ಅರ್ಧ ಸಿಟ್ಟನ್ನು ನನ್ನ ಮೇಲೇ ತಿರುಗಿಸಿಕೊಂಡು ಬಂದೆ. ಇನ್ನರ್ಧ ಹಾಗೇ ಇದೆ.

ಡಾಟ್ ಕೀಳು ಎಂದಲ್ಲ. ಡಾಟ್ 5.1 ಕುದಿಯಲು ಹೊಸದಿದ್ದಾಗ ಕನಿಷ್ಠ 260 ಡಿಗ್ರಿ ಬೇಕು. ಆದರೆ ಅದು ಗಾಳಿಯ ತೇವ ಹೀರುತ್ತದೆ, ನೀರು ಕುಡಿದ ಮೇಲೆ ಆ ಮಿತಿ 180ಕ್ಕೆ ಇಳಿಯುತ್ತದೆ. ಬಟ್ಟೆ ಒಣಗಲು ವಾರ ಹಿಡಿಯುವ ಮಲೆನಾಡಿನ ಮಳೆಗಾಲಕ್ಕೆ ನನ್ನ ಓಟು ಮಿನರಲ್ ಆಯಿಲ್‌ಗೇ. ಅದು ನೀರು ಹೀರುವುದಿಲ್ಲ, ಚೌಕಟ್ಟಿನ ಬಣ್ಣಕ್ಕೂ ಕೈ ಹಾಕುವುದಿಲ್ಲ.

ಹಿಂದಿನ ಬ್ರೇಕ್ ರಿಪೇರಿಗೆ ಬರಲಿಲ್ಲ. ಈ ದರ್ಜೆಯವಕ್ಕೆ ಸೀಲುಗಳು ಬಿಡಿಯಾಗಿ ಸಿಗುವುದು ಕಷ್ಟ. ಅದೇ ಮಾದರಿಯ ಹೊಸ ಸೆಟ್ಟನ್ನು ₹2,300ಕ್ಕೆ ತರಿಸಿ ಹಾಕಿಕೊಂಡೆ. ಹೌದು, ಅದೇ ಮಾದರಿ. ಜೊತೆಗೆ ಬ್ಲೀಡ್ ಕಿಟ್, ನೂರು ಮಿಲಿಲೀಟರ್ ಕೆಂಪೆಣ್ಣೆ. ಈಗ ವರ್ಷಕ್ಕೊಮ್ಮೆ ಮೃಗಶಿರಾ ಮಳೆಗೆ ಮೊದಲು ವರಾಂಡದಲ್ಲಿ ಕೂತು ನಾನೇ ಬ್ಲೀಡ್ ಮಾಡುತ್ತೇನೆ. ಲಿವರಿನ ಮೇಲೆ ಲಾಳಿಕೆ ಕೂರಿಸಿ, ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ತಳ್ಳಿದರೆ ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಕ್ಯಾಲಿಪರನ್ನು ಸ್ಪ್ಯಾನರ್ ಹಿಡಿಯಿಂದ ತಟ್ಟಿದರೆ ಅಡಗಿ ಕೂತ ಒಂದೆರಡು ಕೊನೆಗೆ ಹೊರಡುತ್ತವೆ. ಮುಂಚೆಯೇ ಪ್ಯಾಡ್ ತೆಗೆದು ಬೇರೆ ಕಡೆ ಇಡಬೇಕು. ಎಣ್ಣೆ ಹನಿ ಬಿದ್ದರೆ ಮತ್ತೆ ನಾಯಿಗಳ ಮೆರವಣಿಗೆ.

ಮುಂದಿನ ಗಾಲಿಗೆ 180 ಮಿ.ಮೀ. ಡಿಸ್ಕ್ ಮತ್ತು ಲೋಹದ ಪ್ಯಾಡ್ ಹಾಕಿದ್ದೇನೆ. ಉದ್ದ ಇಳಿಜಾರಿನಲ್ಲಿ ವಾಸನೆ ನಿಂತಿತು, ಕೆಸರಿನಲ್ಲಿ ಪ್ಯಾಡಿನ ಬಾಳಿಕೆಯೂ ಹೆಚ್ಚಿತು. ತಣ್ಣಗಿರುವಾಗ ಮಾತ್ರ ತುಸು ಕಿರುಚುತ್ತದೆ. ಎರಡು ಎಚ್ಚರಿಕೆ: ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ಎಷ್ಟು ದೊಡ್ಡ ಡಿಸ್ಕ್ ತಾಳುತ್ತದೆ ಎಂದು ಮೊದಲು ನೋಡಿಕೊಳ್ಳಿ, ಅಗ್ಗದ ಡಿಸ್ಕಿನ ಮೇಲೆ 'ರೆಸಿನ್ ಪ್ಯಾಡ್ ಮಾತ್ರ' ಎಂದು ಕೊರೆದಿದ್ದರೆ ಲೋಹದ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ, ಡಿಸ್ಕನ್ನೂ ಬದಲಿಸಬೇಕು.

ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಜೊತೆಗೆ ಬರುವ ಪ್ಯಾಡಿಗೆ ಮತ್ತು ಆ ಇರುವೆ ಅಕ್ಷರಕ್ಕೆ. ಹೊರಡುವ ಮುನ್ನ ನಿಂತಲ್ಲೇ ಎರಡೂ ಲಿವರನ್ನು ಒತ್ತಿ ಹತ್ತು ಎಣಿಸುತ್ತೇನೆ. ಕುಸಿದರೆ ಆ ದಿನ ಮನೆಯಲ್ಲೇ. ಪ್ಯಾಡಿನ ಪದರ ಅರ್ಧ ಮಿಲಿಮೀಟರಿಗೆ ಇಳಿಯುವ ಮೊದಲೇ ಬದಲಿಸುತ್ತೇನೆ. ಒಂದು ಜೋಡಿ ಸದಾ ಚೀಲದಲ್ಲಿರುತ್ತದೆ, ಜೋರು ಮಳೆಯ ಒಂದೇ ದಿನ ಅರ್ಧ ಪ್ಯಾಡ್ ಸವೆದದ್ದನ್ನು ಕಂಡಿದ್ದೇನೆ. ಹಿಂದಿನ ಡಿಸ್ಕ್ ಇನ್ನೂ ಹಳೆಯದೇ. ಹೊಸದಿದ್ದಾಗ 1.8 ಮಿ.ಮೀ. ದಪ್ಪವಿತ್ತು, ಮಿತಿ 1.5, ಮೊನ್ನೆ ಅಳೆದರೆ 1.6. ಪುನರ್ವಸು ಮಳೆ ಹಿಡಿಯುವುದರೊಳಗೆ ಹೊಸದು ತರಿಸಬೇಕು.