ಮನೆಗೆ ಹೆಸರು ಹಾಕಿಸುವವರಿಗೆ: ಉಡುಪಿಯ ಒಂದು ಬೋರ್ಡಿನ ಅಂಗಡಿ

ಪುರುಸೊತ್ತಿಲ್ಲದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನ ಕೆಲಸ ಒಳ್ಳೆಯದು, ಕನ್ನಡ ಅಕ್ಷರ ಇನ್ನೂ ಒಳ್ಳೆಯದು, ದರ ತೀರಾ ಕಡಿಮೆಯೂ ಅಲ್ಲ ಜಾಸ್ತಿಯೂ ಅಲ್ಲ, ಹೇಳಿದ ದಿನಕ್ಕೆ ಮಾತ್ರ ಕೈಗೆ ಸಿಗುವುದಿಲ್ಲ. ಅಂಗಡಿಯವರಿಗೆ ಮಾತು ಹೆಚ್ಚು. ನಾನು ಇಲ್ಲಿಗೆ ಹೋಗಿ ಎನ್ನುವುದು ಆ ಮಾತಿಗಾಗಿಯೇ.

ಕಲ್ಸಂಕದಿಂದ ಒಳಗೆ ಹೋಗುವ ಓಣಿಯಲ್ಲಿದೆ. ಹೆಸರು ಹಾಕಬೇಡಿ, ಇರುವ ಕೆಲಸವೇ ಮುಗಿಯುವುದಿಲ್ಲ ಎಂದು ಅವರೇ ಹೇಳಿದ್ದರಿಂದ ಹಾಕಿಲ್ಲ. “ಕಲ್ಲಿನ ಬೋರ್ಡಿನವರು” ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಾರು ಓಣಿಗೆ ತರಬೇಡಿ, ತಿರುಗಿಸಲು ಜಾಗವಿಲ್ಲ.

ನಾವು ಕೊಡವೂರಿನಲ್ಲಿ ಹೊಸ ಮನೆ ಕಟ್ಟಿದೆವು. ನಮ್ಮವರಿಗೆ “ಶ್ರೀನಿಧಿ” ಆಗಬೇಕು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ “ಸೆರೆನಿಟಿ ಅಂತ ಇಡಿ ಅಮ್ಮ, ಚೆಂದ ಉಂಟು” ಎನ್ನುತ್ತಿದ್ದಳು. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅಂಗಡಿಯವರು ಚೀಟಿ ಓದಿ ಬದಿಗಿಟ್ಟು ಕೇಳಿದ್ದು: “ಅಕ್ಕ, ರಿಕ್ಷಾದವರಿಗೆ ಎಂತ ಹೇಳಿ ಮನೆಗೆ ಹೋಗ್ತೀರಿ?”

“ಮಜಲಿಗೆ ಅಂತ.”

“ಮತ್ತೆಂತಕ್ಕೆ ಬೇರೆ ಹೆಸರು ಹುಡುಕುವುದು ಮಾರಾಯ್ರೆ?”

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನಮ್ಮ ತುಳುನಾಡಿನಲ್ಲಿ ಗದ್ದೆಗಳಿಗೆ ಮೂರು ಅಂತಸ್ತು. ಎಲ್ಲಕ್ಕಿಂತ ಕೆಳಗೆ, ನೀರು ನಿಲ್ಲುವುದು ಬೈಲು. ಅಲ್ಲಿ ಏಣಿಲು, ಸುಗ್ಗಿ, ಕೊಳಕೆ ಮೂರೂ ಬೆಳೆ ತೆಗೆಯಬಹುದು. ನಡುವಿನದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ಉಡುಪಿ ಪೇಟೆಯ ಗುಂಡಿಬೈಲು, ಕುಂಜಿಬೆಟ್ಟು ಎಲ್ಲ ಹೀಗೆ ಬಂದ ಹೆಸರುಗಳು. ಈಗ ಅಲ್ಲಿ ಭತ್ತದ ಪೈರು ಹುಡುಕಿದರೆ ಫ್ಲಾಟಿನ ವಾಚ್‌ಮನ್ ನಗುತ್ತಾನೆ, ಆದರೆ ಸೈಟು ನೋಡಲು ಹೊರಟವರು ಹೆಸರನ್ನೊಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು. ಬೈಲಿನಲ್ಲಿ ಮನೆ ಕಟ್ಟಿ ಜುಲೈಯಲ್ಲಿ ಅಂಗಳಕ್ಕೆ ನೀರು ಬಂತು ಎಂದು ಅಳುವವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ.

ನಮ್ಮದು ಅತ್ತೆಯವರು “ತಿರ್ತ ಮಜಲ್”, ಅಂದರೆ ಕೆಳಗಿನ ಮಜಲು, ಎನ್ನುತ್ತಿದ್ದ ಗದ್ದೆ. ಲೋಡುಗಟ್ಟಲೆ ಕೆಂಪು ಮಣ್ಣು ಹಾಕಿ ಎತ್ತರಿಸಿದ್ದೇವೆ. ಗದ್ದೆ ಹೋಯಿತು, ಹಾಲಿನವನಿಗೂ, ಗ್ಯಾಸಿನವನಿಗೂ ನಾವು ಮಜಲಿನವರೇ.

ನಮ್ಮವರು ಸುಲಭಕ್ಕೆ ಬಿಡಲಿಲ್ಲ. “ಹೆಸರಿಗೊಂದು ಅರ್ಥ ಬೇಡವಾ? ಮಜಲು ಅಂದರೆ ಬರೀ ಗದ್ದೆ.” ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ದುಡಿದು ಬಂದವರು, ಕೂಡಿಟ್ಟದ್ದು ನಿಧಿಯೇ ಹೌದು. ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ ಕಲ್ಲುಗಳಲ್ಲೂ ಅದೇ ಕತೆ: ಮಾತೃಛಾಯಾ, ಗುರುಕೃಪಾ, ಶ್ರಮಸಾಧನ, ಗಂಡ ಹೆಂಡತಿಯ ಹೆಸರಿನ ಎರಡೆರಡು ಅಕ್ಷರ ಕೂಡಿಸಿದ್ದು. ಸಾಲ, ಹರಕೆ, ತೀರಿಕೊಂಡ ತಾಯಿ, ಯಾವುದನ್ನು ನೆನೆದು ಮನೆ ಕಟ್ಟಿದರೋ ಅದನ್ನು ಗೇಟಿನ ಪಕ್ಕ ಬರೆಸುತ್ತಾರೆ. ಅಂಗಡಿಯವರು ಅದಕ್ಕೆ ನಗುವುದಿಲ್ಲ. ಅವರ ತಕರಾರು ಇಷ್ಟೇ: ಆ ಹೆಸರು ಓದುವುದಕ್ಕೆ, ಕರೆಯುವುದಕ್ಕೆ ಬೇರೆಯೇ ಒಂದು ಇರುತ್ತದೆ. ಕಲ್ಲು ಒಂದೇ ಆದರೆ ಕರೆಯುವುದನ್ನು ದೊಡ್ಡದಾಗಿ ಬರೆಸಿ.

ಇದು ನಿಜವೆಂದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ನಮ್ಮ ಉಡುಪಿಯಲ್ಲೇ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಣಿಪಾಲಕ್ಕೆ ಹೋಗುವವರು ಈಗಲೂ “ಸಿಂಡಿಕೇಟ್ ಸರ್ಕಲ್” ಎಂದೇ ಟಿಕೆಟು ಕೇಳುತ್ತಾರೆ. ಮಂಗಳೂರಿನ ಪಂಪ್‌ವೆಲ್‌ಗೆ ಮಹಾವೀರ ವೃತ್ತ ಎಂದು ಹೆಸರಿದೆ; ಕಂಡಕ್ಟರ್ ಬಾಯಲ್ಲಿ ಅದನ್ನು ನಾನಂತೂ ಕೇಳಿಲ್ಲ. ಅದೇ ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಳ, ಬ್ಯಾರಿಯಲ್ಲಿ ಮೈಕಾಲ. ಯಾರಿಗೂ ದಾರಿ ತಪ್ಪುವುದಿಲ್ಲ.

ನಾನಿದ್ದಾಗಲೇ ಕಲ್ಯಾಣಪುರದ ಒಬ್ಬರು ಬಂದರು, ಕೊಂಕಣಿಯವರು. ಕನ್ನಡ ಅಕ್ಷರದಲ್ಲಿ “ಆಮ್ಚೆಂ ಘರ್” (ನಮ್ಮ ಮನೆ) ಎಂದು ಬರೆಸಬೇಕಿತ್ತು. ಕಂಪ್ಯೂಟರಿನಲ್ಲಿ ಕೂತ ಹುಡುಗ ಸೊನ್ನೆ ಬಿಟ್ಟು ಹೊಡೆದ. “ಅದು ಮೂಗಿನಲ್ಲಿ ಬರಬೇಕು ಮಗಾ, ಸೊನ್ನೆ ತೆಗೆದರೆ ನನ್ನ ಮನೆಯೇ ಅಲ್ಲ” ಎಂದು ಅವರು ಕುರ್ಚಿ ಎಳೆದು ಹುಡುಗನ ಪಕ್ಕದಲ್ಲೇ ಕೂತರು. ಯಾರೂ ಗೊಣಗಲಿಲ್ಲ. ಬೇರೆ ಕಡೆಯಾದರೆ “ಎರಡೂ ಒಂದೇ ಸಾರ್” ಎಂದು ಕಳಿಸಿಬಿಡುತ್ತಾರೆ. ತುಳು ಲಿಪಿಯ ಬೋರ್ಡು ಕೇಳಿ ಬರುವವರೂ ಇದ್ದಾರಂತೆ. ತುಳು-ತಿಗಳಾರಿ 2024ರಲ್ಲಿ ಯೂನಿಕೋಡಿಗೆ ಸೇರಿದೆ ನಿಜ, ಆದರೆ ಈ ಅಂಗಡಿಯ ಕಂಪ್ಯೂಟರಿಗೆ ಇನ್ನೂ ಬಂದಿಲ್ಲ. ಬಲ್ಲವರಿಂದ ಬರೆಸಿ ಚಿತ್ರ ತಂದರೆ ಹಾಗೇ ಕೊರೆದುಕೊಡುತ್ತಾರೆ. ತಪ್ಪಿದ್ದರೆ ಜವಾಬ್ದಾರಿ ನಿಮ್ಮದು.

ಇನ್ನು ಕೆಲಸದ ವಿಷಯ. ಕಲ್ಲಿನ ಮೇಲೆ ಸ್ಟಿಕ್ಕರ್ ಅಂಟಿಸಿ, ಅಕ್ಷರದ ಭಾಗ ಕತ್ತರಿಸಿ ತೆಗೆದು, ಗಾಳಿಯ ಒತ್ತಡದಲ್ಲಿ ಮರಳು ಹಾಯಿಸಿ ಕೊರೆಯುತ್ತಾರೆ. ಆಮೇಲೆ ಬಣ್ಣ ತುಂಬುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ಅವರ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ನೇರ ಹಾಕಿದರೆ ಒತ್ತಕ್ಷರ ಚದುರಿಹೋಗುತ್ತದೆ. ಅದಕ್ಕೇ “ನುಡಿ” ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಅಲ್ಲೇ, ಆದ್ದರಿಂದ ಕೊರೆಯುವ ಮೊದಲು ಪ್ರಿಂಟ್ ಕೇಳಿ ನೋಡಿ. ಕರಿ ಗ್ರಾನೈಟಿಗೆ ಚಿನ್ನದ ಬಣ್ಣ ತುಂಬುವುದೇ ಇಲ್ಲಿಯ ರೂಢಿ. ನನಗದು ಸಮಾಧಿ ಕಲ್ಲಿನಂತೆ ಕಾಣುತ್ತದೆ. ಬೂದು ಕಲ್ಲಿಗೆ ಬಿಳಿ ಹಾಕಿಸಿದೆ, ಸಂಜೆ ಹೊತ್ತಿಗೂ ರಸ್ತೆಯಿಂದ ಓದಬಹುದು.

ಕೊನೆಗೆ ನಮ್ಮದು ರಾಜಿಯಾಯಿತು: ಮೇಲೆ ದೊಡ್ಡದಾಗಿ “ಮಜಲು”, ಕೆಳಗೆ ಸಣ್ಣದಾಗಿ “ಶ್ರೀನಿಧಿ”. ಈ ಎರಡನೇ ಸಾಲು ನನಗೆ ಸಮಾಧಾನ ತರಲಿಲ್ಲ. ಅಷ್ಟು ಸಣ್ಣ ಅಳತೆಯಲ್ಲಿ “ಶ್ರೀ”ಯ ಸುರುಳಿಗಳ ಒಳಗೆಲ್ಲ ಬಣ್ಣ ಕೂತು ಮುದ್ದೆಯಾಗಿತ್ತು. ತೋರಿಸಿದ ಮೇಲೆ ಬಿಡಿಸಿ ಸರಿಮಾಡಿದರು, ದುಡ್ಡು ಕೇಳಲಿಲ್ಲ. ಎರಡು ಇಂಚಿಗಿಂತ ಸಣ್ಣ ಅಕ್ಷರ ಕನ್ನಡಕ್ಕೆ ಆಗುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು, ಅಷ್ಟೆಲ್ಲ ಮಾತಾಡುವವರು ಇದೊಂದನ್ನು ಹೇಳಲಿಲ್ಲ. ಮಗಳ “ಸೆರೆನಿಟಿ” ವೈಫೈಯ ಹೆಸರಾಗಿ ಉಳಿದುಕೊಂಡಿದೆ.

ಎರಡಡಿ ಅಗಲ, ಒಂದಡಿ ಎತ್ತರದ ಕಲ್ಲಿಗೆ 3,200 ರೂಪಾಯಿ. ಮನೆಗೆ ಬಂದು ಗೋಡೆಗೆ ಕೂರಿಸಲು 400 ಬೇರೆ. ಅವರು ತರುವ ಸ್ಕ್ರೂ ಸಾಧಾರಣ ಕಬ್ಬಿಣದ್ದು. ಮಲ್ಪೆ ಕಡೆಯ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಇಳಿದು ಕಲ್ಲಿನ ಮೇಲೆ ಗೆರೆ ಬೀಳುತ್ತದೆ. ಸ್ಟೀಲಿನದ್ದು ನೀವೇ ತೆಗೆದುಕೊಂಡು ಹೋಗಿ. ಒಂದು ವಾರ ಎಂದರೆ ಮೂರು ವಾರ ಎಂದು ಲೆಕ್ಕ ಹಾಕಿ, ಗೃಹಪ್ರವೇಶದ ದಿನ ಇಟ್ಟುಕೊಂಡು ಓಡಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಕೃಷ್ಣಮಠದ ಪರ್ಯಾಯ ಉತ್ಸವ ಜನವರಿ 18ಕ್ಕೆ. ಆ ತಿಂಗಳು ಊರಿಡೀ ಸ್ವಾಗತದ ಬೋರ್ಡು, ಕಮಾನು ಬರೆಯುವ ಗಡಿಬಿಡಿಯಲ್ಲಿ ನಿಮ್ಮ ಕಲ್ಲನ್ನು ಕೇಳುವವರಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ತಡಕ್ಕೆ ಮತ್ತು ಸ್ಕ್ರೂಗೆ. ಭಾನುವಾರ ರಜೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟ, ನಿದ್ದೆ. ಆಗ ಬಾಗಿಲು ಬಡಿದು ಪ್ರಯೋಜನವಿಲ್ಲ.