ಮೂಗೇಟು ತೋರಿಸುವ 415ರ ನೇರಳೆ ಟಾರ್ಚ್: ಕೊಳ್ಳಬಹುದೇ?

ಹಲ್ಲೆಗೊಳಗಾದವರನ್ನು ಪರೀಕ್ಷಿಸುವ ಫೊರೆನ್ಸಿಕ್ ನರ್ಸ್‌ಗಳಿಗೆಂದು ಬಗೆಬಗೆಯ ದೀಪಗಳು ಬಂದಿವೆ. ಒಂದೇ ಕೊಳ್ಳುವುದಾದರೆ 415 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದ) ನೇರಳೆ ಟಾರ್ಚ್ ಕೊಳ್ಳಿ, ಜೊತೆಗೆ ಹಳದಿ ಕನ್ನಡಕ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಬೆಳಕನ್ನು ಅತಿ ಹೆಚ್ಚು ಹೀರುವುದು ಈ ಆಸುಪಾಸಿನಲ್ಲೇ. ಸುತ್ತಲಿನ ಚರ್ಮ ಮಂದವಾಗಿ ಹೊಳೆಯುತ್ತದೆ, ಒಳಗೆ ರಕ್ತ ಇಳಿದ ಜಾಗ ಕಪ್ಪಾಗುತ್ತದೆ. ತಿರುಗಿ ಬರುವ ನೇರಳೆಯನ್ನು ತಡೆಯುವುದು ಹಳದಿ ಗಾಜು. ಅದಿಲ್ಲದಿದ್ದರೆ ಟಾರ್ಚು ಬರೀ ಜಾತ್ರೆ ಲೈಟು.

ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇರೆಬೇರೆ ಮೈಬಣ್ಣದ 157 ಸ್ವಯಂಸೇವಕರ ತೋಳಿಗೆ ಪೆಟ್ಟು ಕೊಟ್ಟು ನೋಡಿದ್ದರು. ಹಳದಿ ಫಿಲ್ಟರಿನೊಡನೆ 415 ಮತ್ತು 450, ಬಿಳಿ ಬೆಳಕಿಗಿಂತ ಐದು ಪಟ್ಟು ಚೆನ್ನಾಗಿ ಮೂಗೇಟು ಹಿಡಿದವು. ಅಗ್ಗದ 365ರ ಯುವಿ ಟಾರ್ಚನ್ನು ಇದೇ ಎಂದು ಮಾರುವವರಿದ್ದಾರೆ. ಮೋಸಹೋಗಬೇಡಿ.

ಮೊದಲು ಬಿಳಿ ಬೆಳಕಿನಲ್ಲಿ ಇಡೀ ಮೈ ನೋಡಿ, ಫೋಟೋ ತೆಗೆಯಿರಿ. ಆಮೇಲೆ ಕೋಣೆ ಪೂರ್ತಿ ಕತ್ತಲಾಗಲಿ. ಬಾಗಿಲ ಸಂದಿಯ ಬೆಳಕೂ ಕೆಲಸ ಕೆಡಿಸುತ್ತದೆ. ಪರೀಕ್ಷೆಗೊಳಗಾದವರಿಗೂ ಕನ್ನಡಕ ಹಾಕಿಸಿ, ದೀಪ ಆರಿಸುವ ಮೊದಲೇ ಹೇಳಿ. ತೋಳಿನ ಒಳಮೈಯಲ್ಲಿ ಬೆರಳೊತ್ತಿದ ಗುರುತುಗಳು ಸಾಲಾಗಿ ಮೂಡುವುದು ಆಗ.

ತೊಂದರೆ ಹೆಚ್ಚು ಕ್ಯಾಮೆರಾದಲ್ಲಿ. ಕಣ್ಣಿಗೆ ಹಾಕಿದ ಹಳದಿ ಫಿಲ್ಟರ್ ಲೆನ್ಸಿಗೂ ಬೇಕು. ಕತ್ತಲಲ್ಲಿ ಆಟೋಫೋಕಸ್ ತಡಕಾಡುತ್ತದೆ. ಬಿಳಿ ಬೆಳಕಿನಲ್ಲೇ ಫೋಕಸ್ ಮಾಡಿ ಲಾಕ್ ಮಾಡಿ, ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸೂ ಆಟೋದಲ್ಲಿ ಬೇಡ. ಶಟರ್ ನಿಧಾನವಾಗುವುದರಿಂದ ಟ್ರೈಪಾಡ್ ಇಲ್ಲದೆ ಚಿತ್ರ ಅಲುಗುತ್ತದೆ. ಅಳತೆಪಟ್ಟಿಯದೂ ಒಂದು ಕಿರಿಕಿರಿ: ಬಿಳಿ ಕಾಗದದ್ದಾದರೆ ನೇರಳೆಗೆ ಫಳಫಳ ಹೊಳೆದು ಅಂಕಿಗಳೇ ಓದಲಾಗವು. ಬೂದು ಪಟ್ಟಿ ಇಡಿ. ಪ್ರತಿ ಗುರುತಿಗೂ ದೂರದಿಂದ, ಮಧ್ಯದಿಂದ, ಹತ್ತಿರದಿಂದ. ಹತ್ತಿರದ್ದು ಪಟ್ಟಿ ಇಟ್ಟು ಒಂದು, ಇಡದೆ ಒಂದು.

ಕಪ್ಪಾಗಿ ಕಂಡದ್ದೆಲ್ಲ ಪೆಟ್ಟಲ್ಲ. ಮಚ್ಚೆ, ಬಂಗು, ಹಚ್ಚೆ, ಸನ್‌ಸ್ಕ್ರೀನ್, ಮೇಕಪ್ ಎಲ್ಲವೂ ಬೆಳಕು ಹೀರುತ್ತವೆ. ಒರೆಸಿ ನೋಡಬಹುದು, ಆದರೆ ಸ್ವಾಬ್ (ಹತ್ತಿಕಡ್ಡಿಯಲ್ಲಿ ಚರ್ಮದ ಮೇಲಿನ ಮಾದರಿ) ತೆಗೆದ ಮೇಲೆಯೇ. ಮೊದಲೇ ಒರೆಸಿದರೆ ಡಿಎನ್‌ಎಯೂ ಹೋದಂತೆ. ಬಿಳಿ ಬೆಳಕಿನಲ್ಲಿ ಏನೂ ಕಾಣದೆ ಇದರಲ್ಲಷ್ಟೇ ಕಂಡರೆ ವರದಿಯಲ್ಲಿ ‘ಮೂಗೇಟು’ ಎನ್ನದೆ ‘415ರಲ್ಲಿ, ಹಳದಿ ಫಿಲ್ಟರಿನಲ್ಲಿ ಬೆಳಕು ಹೀರಿದ ಗುರುತು’ ಎಂದು ಅಳತೆ, ಆಕಾರ, ಜಾಗ ಸಮೇತ ಬರೆಯಿರಿ. ಮುಟ್ಟಿದರೆ ನೋಯುತ್ತದೆಯೇ ಎಂಬುದನ್ನೂ ಸೇರಿಸಿ. ಪೆಟ್ಟು ಎಷ್ಟು ದಿನದ್ದೆಂದು ಈ ದೀಪ ಹೇಳದು. ವಕೀಲರು ಕೇಳಿಯೇ ಕೇಳುತ್ತಾರೆ.

ಎರಡನೆಯದಕ್ಕೆ ದುಡ್ಡಿದ್ದರೆ 450. ಒಂದು ಜೊತೆ ಬ್ಯಾಟರಿ ಹೆಚ್ಚಿಗೆ ಇರಲಿ.