ಆಪ್ಟೋಜೆನೆಟಿಕ್ಸ್ ಕಿಟ್: ಹಾಸನದ ಕಾಲೇಜು ಲ್ಯಾಬಿಗೆ ಸಾಕೇ?

ಆಪ್ಟೋಜೆನೆಟಿಕ್ಸ್ ಎಂದರೆ ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು ನರಕೋಶದಲ್ಲಿಟ್ಟು, ಆ ಕೋಶವನ್ನು ಬೆಳಕಿನಿಂದಲೇ ಮಿಡಿಸುವ ವಿಧಾನ. ಅದನ್ನು ಹಣ್ಣುನೊಣದಲ್ಲಿ ತೋರಿಸುವ ಈ ಕಿಟ್ಟಿನ ಡಬ್ಬಿಯಲ್ಲಿ ಬರುವುದು ಇಷ್ಟು: ಅಲ್ಯೂಮಿನಿಯಂ ತಗಡಿನ ಮೇಲೆ 627 ನ್ಯಾನೋಮೀಟರಿನ ಮೂರು ಕೆಂಪು ಎಲ್‌ಇಡಿ, ಅವಕ್ಕೆ ಕರೆಂಟು ಕೊಡುವ 700 ಮಿಲಿಆಂಪ್ ಡ್ರೈವರ್, ಮಿಂಚನ್ನು ನಿಯಂತ್ರಿಸುವ ಪುಟ್ಟ ಬೋರ್ಡು ಆರ್ಡುಯಿನೋ ನ್ಯಾನೋ, 12 ವೋಲ್ಟ್ ಅಡಾಪ್ಟರ್, ಅಕ್ರಿಲಿಕ್ ಗೂಡು. ನೊಣವೂ ಇಲ್ಲ, ಆ ಪ್ರೋಟೀನಿಗೆ ಬೆಳಕು ಹಿಡಿಯಲು ಬೇಕಾದ ರೆಟಿನಲ್ಲೂ ಇಲ್ಲ. ಇವೆರಡಿಲ್ಲದೆ ಇದು ಬರೀ ಟಾರ್ಚು.

ಹಣ್ಣುನೊಣದ ಸಿಹಿ ಗುರುತಿಸುವ ನರಕೋಶಗಳಲ್ಲಿ ಸಿಎಸ್‌ಕ್ರಿಮ್ಸನ್ ಇರುವ ತಳಿ ಬೇಕು. ಪಾಚಿಯಿಂದ ಪಡೆದ ಈ ಪ್ರೋಟೀನು ಪ್ರಕಟವಾದದ್ದು 2014ರಲ್ಲಿ. ಕೆಂಪು ಬೆಳಕು ಬಿದ್ದೊಡನೆ ಅದರ ಬಾಗಿಲು ತೆರೆದು ಧನ ಅಯಾನುಗಳು ಒಳನುಗ್ಗುತ್ತವೆ, ಕೋಶ ಮಿಡಿಯುತ್ತದೆ; ಬೆಲ್ಲದ ಹನಿಯೇ ಇಲ್ಲದಿದ್ದರೂ ನೊಣ ಸೊಂಡಿಲು ಚಾಚುತ್ತದೆ. ಕುಲಾಂತರಿ ತಳಿಯಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸದೆ ತರಿಸುವಂತಿಲ್ಲ. ಕೈಪಿಡಿಯಲ್ಲಿ ಈ ಮಾತೇ ಇಲ್ಲ.

ಹೆಚ್ಚಿನವರು ಎಡವುವುದು ನೊಣದ ಆಹಾರದಲ್ಲಿ. 1 ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ ಹಾಕಿ ಕುದಿಸಿ, ಬೂಷ್ಟು ತಡೆಯಲು ಪ್ರೊಪಿಯೋನಿಕ್ ಆಮ್ಲ 7.5 ಮಿ.ಲೀ. ಸೇರಿಸುವ ಮೈಸೂರಿನ ಹಳೆಯ ಪಾಕವೇ ಸಾಕು. ಪಾಕವನ್ನು ಒಲೆಯಿಂದ ಇಳಿಸಿದ ಮೇಲೆಯೇ ಆಮ್ಲ ಬೆರೆಸಿ. ಕೈ ಸೋಕುವಷ್ಟು ಆರಿದಾಗ, ಗಟ್ಟಿಯಾಗುವ ಮೊದಲು, 10 ಮಿ.ಲೀ. ಆಹಾರಕ್ಕೆ 100 ಮಿಲಿಮೋಲಾರ್ ರೆಟಿನಲ್ ದ್ರಾವಣ (ಎಥನಾಲಿನಲ್ಲಿ ಕರಗಿಸಿದ್ದು) 40 ಮೈಕ್ರೋಲೀಟರ್. ಮುಖದ ಕ್ರೀಮಿನ ರೆಟಿನಾಲ್ ಬೇರೆ, ಇದು ಬೇರೆ. ಬೆಳಕು ತಾಗಿದರೆ ಕೆಡುತ್ತದೆ, ಆದ್ದರಿಂದ ಬಾಟಲಿಗೆ ಫಾಯಿಲ್ ಸುತ್ತಿ ನೊಣಗಳನ್ನು ಮೂರು ದಿನ ಕತ್ತಲಲ್ಲಿಡಿ. ಪರೀಕ್ಷೆಯ ಹಿಂದಿನ ದಿನ ಒದ್ದೆ ಟಿಶ್ಯೂ ಮೇಲೆ ಉಪವಾಸ. ಅದೇ ತಳಿಯ, ರೆಟಿನಲ್ ತಿನ್ನದ ನೊಣಗಳ ಗುಂಪೊಂದು ಪಕ್ಕದಲ್ಲಿರಲೇಬೇಕು. ಅವೂ ಚಾಚಿದರೆ ಕಾರಣ ಬೇರೆ ಇದೆ.

ಕಿಟ್ಟಿನ ದೊಡ್ಡ ದೋಷ ಡ್ರೈವರಿನಲ್ಲಿದೆ. ಅದರ ಕರೆಂಟು ನಿಧಾನಕ್ಕೆ ಏರುವುದರಿಂದ 5 ಮಿಲಿಸೆಕೆಂಡಿನ ಮಿಂಚು ಪೂರ್ತಿ ಹೊತ್ತಿಕೊಳ್ಳುವುದೇ ಇಲ್ಲ. ಬೆಳಕನ್ನು ಅಳೆಯುವ ಫೋಟೋಡಯೋಡನ್ನು ಆಸಿಲ್ಲೋಸ್ಕೋಪಿಗೆ ಜೋಡಿಸಿದರೆ ತಿಳಿಯುತ್ತದೆ. ಒಂದೆರಡು ಸೆಕೆಂಡು ಉರಿಸುವ ಪಾಠಕ್ಕೆ ತೊಂದರೆಯಿಲ್ಲ, 20 ಹರ್ಟ್ಸ್ (ಸೆಕೆಂಡಿಗೆ 20 ಸಲ) ಮಿಡಿತದ ಲೆಕ್ಕಾಚಾರಕ್ಕೆ ನಂಬುವಂತಿಲ್ಲ. ಎರಡನೆಯದು ಬಿಸಿ. ಕೆಂಪು ಎಲ್‌ಇಡಿ ಕಾದಂತೆ ಮಂಕಾಗುತ್ತದೆ, ಬಿಸಿಗೆ ನೊಣವೂ ಅತ್ತಿತ್ತ ಓಡುತ್ತದೆ. ತಗಡಿನ ಹಿಂದೆ ಹೀಟ್‌ಸಿಂಕ್, ಪುಟ್ಟ ಫ್ಯಾನ್ ಹಾಕಿಕೊಳ್ಳಿ. ಬೋರ್ಡಿನ ಸೂಚಕ ದೀಪಗಳ ಬೆಳಕು ನೊಣಕ್ಕೆ ತಾಗದಂತೆ ಅವುಗಳಿಗೆ ಕಪ್ಪು ಟೇಪ್ ಅಂಟಿಸಿ.

ಇನ್‌ಕ್ಯುಬೇಟರ್ ಇಲ್ಲದ ಲ್ಯಾಬಿಗೆ ಇನ್ನೊಂದು ಮಾತು: ನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ 25 ಡಿಗ್ರಿಯಲ್ಲಿ ಸುಮಾರು 10 ದಿನ, 18ರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಸನ, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಪ್ರಾಕ್ಟಿಕಲ್ ಇಟ್ಟುಕೊಂಡರೆ ಬಾಟಲಿಯಲ್ಲಿ ಇನ್ನೂ ಹುಳುಗಳೇ ಇರುತ್ತವೆ.

ಪದವಿ ತರಗತಿಗೆ ಕೊಳ್ಳಬಹುದು. ಸಂಶೋಧನೆಗೆ ಬೇಕಾದವರು ಡ್ರೈವರನ್ನು ಮೊದಲ ದಿನವೇ ಬದಲಿಸಿ.